ಹಗೇವಿನಲ್ಲಿಟ್ಟ ಹಾಳೆ

ನಾನು ಒಂದು ಫಿಲ್ಮ್ ಹಾಳೆ. ಸುರುಳಿ ಸುತ್ತಿದ ರೀಲಲ್ಲ. ಅಂಗೈಗಿಂತ ತುಸು ದೊಡ್ಡದಾದ, ಒಂದೇ ಒಂದು ಚಿತ್ರ ಹಿಡಿಯುವ ಬಿಡಿ ಹಾಳೆ. ಫೋಟೋ ತೆಗೆಯುವವರು ನಮ್ಮನ್ನು ಕಟ್ ಫಿಲ್ಮ್ ಅನ್ನುತ್ತಾರೆ.

ನಾನು ಹುಟ್ಟಿದ್ದನ್ನು ಯಾರೂ ಕಂಡಿಲ್ಲ. ನನ್ನ ಮೈಗೆ ಬೆಳ್ಳಿಯ ಲೇಪ ಹಚ್ಚಿದವರೂ ಕಂಡಿಲ್ಲ. ಅದು ಕಡಲಾಚೆಯ ಒಂದು ಕಾರ್ಖಾನೆ. ಅಲ್ಲಿ ದೀಪ ಹಚ್ಚುವಂತಿಲ್ಲ. ಕತ್ತಲಲ್ಲಿ ನಡೆದಾಡಿ ರೂಢಿಯಾದ ಕೈಗಳು ನನ್ನ ಬಲಮೂಲೆಯಲ್ಲಿ ಎರಡು ಕಚ್ಚು ಹಾಕಿದವು, ಕೂಸಿಗೆ ಕಿವಿ ಚುಚ್ಚಿದ ಹಾಗೆ. ಮುಂದೆ ಯಾರಾದರೂ ಕತ್ತಲಲ್ಲಿ ಹೆಬ್ಬೆರಳಿಟ್ಟರೆ ನಾನು ಯಾವ ಬಗೆಯ ಫಿಲ್ಮು, ನನ್ನ ಮುಖ ಯಾವ ಕಡೆ ಎಂದು ತಿಳಿಯಲಿ ಅಂತ. ಆಮೇಲೆ ಇಪ್ಪತ್ತೈದು ಮಂದಿಯನ್ನು ಕರಿಯ ಕಾಗದದಲ್ಲಿ ಸುತ್ತಿ ಡಬ್ಬಿಗಿಟ್ಟು ಮುಚ್ಚಿದರು. ಒಬ್ಬರ ಬೆನ್ನಿಗೆ ಇನ್ನೊಬ್ಬರ ಎದೆ.

ನಮ್ಮ ಬಾಳಿನಲ್ಲಿ ನೋಡುವುದು ಒಂದೇ ಸಲ. ಅದೂ ಒಂದೆರಡು ಕ್ಷಣ. ಆಮೇಲೆ ಕಂಡದ್ದನ್ನು ಮೈಯಲ್ಲಿ ಹೊತ್ತು ಕೂತಿರಬೇಕು. ಆ ಕ್ಷಣ ಬರುವವರೆಗೆ ಕೇಳುವುದೇ ಕೆಲಸ. ನಾನು ಬಹಳ ಕೇಳಿದ್ದೇನೆ.

ನಾನು ಕೇಳಿದ ಮೊದಲ ಕನ್ನಡದ ಮಾತು ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ. ಅದು ನಮ್ಮ ಕುಲವೇ ಮುಗಿಯುವ ಸುದ್ದಿಯಾಗಿತ್ತು.

“ಇದು ನಿಲ್ಲತೈತಂತ್ರಿ, ಸಂಗನಬಸಪ್ಪಾರ,” ಅಂದರು ಅಂಗಡಿಯ ರಾಯ್ಕರರು.

“ಯಾರ ಹೇಳಿದ್ರು?”

“ಮುಂಬೈದವ್ರು ಅಂದ್ರು. ಅವ್ರಿಗೂ ಯಾರೋ ಅಂದಾರ. ಖರೇನೋ ಸುಳ್ಳೋ ದೇವ್ರಿಗೇ ಗೊತ್ತು. ಈಗ ಎಲ್ಲಾರಿಗೂ ಕಲರ್ ಬೇಕ್ರಿ. ಈ ಹಾಳಿ ಕೇಳ್ಕೊಂತ ಬರಾವ್ರು ನೀವೊಬ್ಬರ.”

“ಎಷ್ಟ ಅದಾವು?”

“ಇದೊಂದ ಡಬ್ಬಿ. ಬ್ಯಾರೆ ಕಂಪನೀದು ಕೊಡ್ಲೇನು? ಸೋವಿ ಐತಿ.”

“ಬ್ಯಾರೇದು ಪೆನ್ಸಿಲ್ ಹಿಡ್ಯಾಂಗಿಲ್ರಿ.”

“ಫಿಲ್ಮಿಗೆ ಯಾತರ ಪೆನ್ಸಿಲ್ ಮಾರಾಯ್ರ?” ಎಂದು ರಾಯ್ಕರರು ನಕ್ಕರು.

ಸಂಗನಬಸಪ್ಪ ದುಡ್ಡು ಎಣಿಸಿ ಕೊಟ್ಟ. ಡಬ್ಬಿಯನ್ನು ಎತ್ತಿ ಎದೆಗೆ ಬಿಗಿಯಾಗಿ ಅವಚಿಕೊಂಡ. ಒಳಗಿದ್ದ ಇಪ್ಪತ್ತೈದು ಮಂದಿಗೂ ಆ ಬಿಗಿ ತಟ್ಟಿತು.

ಅವನ ಊರು ಗುಳೇದಗುಡ್ಡ. ಹಗಲೆಲ್ಲ ರವಿಕೆಯ ಖಣ ನೇಯುವ ಮಗ್ಗಗಳ ಸದ್ದು. ಸ್ಟುಡಿಯೋ ಮತ್ತು ಮನೆ ಒಂದೇ. ಅದರ ಒಂದು ಗೋಡೆ ಮಠದ ಗೋಡೆಯೂ ಆಗಿತ್ತು. ಬೆಳಗಿನ ಪೂಜೆ ಮುಗಿದ ಮೇಲೆ ಮಠದ ಪುರಾಣಿಕರು ದಿನಕ್ಕೊಂದು ಷಟ್ಪದಿ ಹಾಡುತ್ತಿದ್ದರು. ಒಂದೇ ಒಂದು ಪದ್ಯ. ಅವಸರವಿಲ್ಲ. ಮೊದಲೆರಡು ಸಾಲು ಚಿಕ್ಕವು, ಕಾಲುದಾರಿಯಲ್ಲಿ ನಡೆದ ಹಾಗೆ. ಮೂರನೆಯದು ಉದ್ದ, ಅದರ ಕೊನೆಯಲ್ಲಿ ಅವರು ದನಿ ಎಳೆದು, ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು. ಮತ್ತೆ ಎರಡು ಚಿಕ್ಕ ಸಾಲು. ಮತ್ತೆ ಆರನೆಯ ಉದ್ದದ ಸಾಲು. ಆಮೇಲೆ ಮೌನ. ಕತ್ತಲಲ್ಲಿ ಕೂತ ನನಗೆ ದಿನವೆಂದರೆ ಆ ಆರು ಸಾಲು.

ಗೋಡೆಯ ಈಚೆ ಇನ್ನೊಬ್ಬರು ಅದನ್ನು ಕೇಳುತ್ತಿದ್ದರು. ಸಂಗನಬಸಪ್ಪನ ಅಕ್ಕ ಅಂದಾನವ್ವ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ತಮ್ಮನಾದವನು ಫೋಟೋ ತೆಗೆಯುತ್ತಿದ್ದ, ಅವಳು ಕಣ್ಣು ತೆರೆಸುತ್ತಿದ್ದಳು.

ಇದನ್ನು ಬಿಡಿಸಿ ಹೇಳಬೇಕು. ಆ ಸೀಮೆಯ ಅನೇಕ ಮನೆಗಳಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಗೋಡೆಗೆ ಒರಗಿಸಿ ಕೂಡಿಸುತ್ತಾರೆ. ಹಣೆಗೆ ವಿಭೂತಿ ಹಚ್ಚಿ, ಹೂವು ಹಾಕಿ, ಹಾಗೇ ಕೂತ ಭಂಗಿಯಲ್ಲೇ ಮಣ್ಣು ಕೊಡುತ್ತಾರೆ. ಆಗಿನ ಕಾಲಕ್ಕೆ ಬದುಕಿದ್ದಾಗ ಫೋಟೋ ತೆಗೆಸಿಕೊಂಡವರು ಕಡಿಮೆ. ಹಾಗಾಗಿ ಮಣ್ಣಿಗೆ ಒಯ್ಯುವ ಮೊದಲು ಸಂಗನಬಸಪ್ಪನನ್ನು ಕರೆಸುತ್ತಿದ್ದರು. ಅವನು ಮರದ ಕ್ಯಾಮೆರಾ ನಿಲ್ಲಿಸಿ, ಕರಿ ಬಟ್ಟೆಯೊಳಗೆ ತಲೆ ತೂರಿಸಿ, ರೂಢಿಯಂತೆ, “ಹಾಂ, ಅಲಗಾಡಬ್ಯಾಡ್ರಿ,” ಅನ್ನುತ್ತಿದ್ದ. ಸತ್ತವರಿಗೂ ಅನ್ನುತ್ತಿದ್ದ. ಯಾರೂ ನಗುತ್ತಿರಲಿಲ್ಲ.

ಆದರೆ ಕಣ್ಣು ಮುಚ್ಚಿದ ಮುಖವನ್ನು ಗೋಡೆಗೆ ಹಾಕಿಕೊಂಡು ದಿನವೂ ನೋಡುವುದು ಹೇಗೆ? ಅದಕ್ಕೇ ಅಂದಾನವ್ವ. ತೊಳೆದು ಒಣಗಿಸಿದ ಫಿಲ್ಮನ್ನು ಅವಳು ಓರೆ ಮೇಜಿನ ಗಾಜಿನ ಮೇಲೆ ಇಡುತ್ತಿದ್ದಳು. ಗಾಜಿನ ಕೆಳಗಿನ ಕನ್ನಡಿ ಕಿಟಕಿಯ ಬಿಸಿಲನ್ನು ಮೇಲಕ್ಕೆ ಚಿಮ್ಮಿಸುತ್ತಿತ್ತು. ಫಿಲ್ಮಿನಲ್ಲಿ ಕಪ್ಪು ಬಿಳುಪು ಅದಲುಬದಲು; ಮುಚ್ಚಿದ ರೆಪ್ಪೆಯ ಜಾಗದಲ್ಲಿ ಸಣ್ಣ ಚೂರಿಯಿಂದ ಲೇಪ ಕೆರೆದರೆ ಫೋಟೋದಲ್ಲಿ ಕರಿಯ ಗುಡ್ಡೆ ಮೂಡುತ್ತದೆ. ಪೆನ್ಸಿಲ್ ಆಡಿಸಿದ ಕಡೆ ಬಿಳುಪು ಬರುತ್ತದೆ. ನಮ್ಮ ಬಗೆಯ ಫಿಲ್ಮಿನ ಮೈ ತುಸು ತರಿತರಿ; ಪೆನ್ಸಿಲ್ಲಿನ ಪುಡಿ ಅದರಲ್ಲಿ ಕೂರುತ್ತದೆ. ಬೇರೆಯವುಗಳ ಮೇಲೆ ಜಾರಿಬಿಡುತ್ತದೆ. ಸಂಗನಬಸಪ್ಪ ಹುಬ್ಬಳ್ಳಿಯಲ್ಲಿ ಬಾಯಿ ಬಿಡದೆ ನುಂಗಿಕೊಂಡದ್ದು ಇದನ್ನೇ.

ಕೆಲಸಕ್ಕೆ ಕೂರುವ ಮೊದಲು ಅಂದಾನವ್ವ ಆ ಮನೆಯವರನ್ನು ಒಂದು ಮಾತು ಕೇಳುತ್ತಿದ್ದಳು. “ಏನ ನೋಡ್ತಿದ್ರು ಅವ್ರು?” ಒಬ್ಬರು ಮಗ್ಗ ಅನ್ನುತ್ತಿದ್ದರು. ಒಬ್ಬರು ಬಾಗಿಲು ಅನ್ನುತ್ತಿದ್ದರು. ಅದರಂತೆ ಅವಳು ನೋಟವನ್ನು ತಿರುಗಿಸುತ್ತಿದ್ದಳು. ಎಂದೂ ನೇರಕ್ಕೆ ನೋಡುವ ಹಾಗೆ ಮಾಡುತ್ತಿರಲಿಲ್ಲ. ಸತ್ತವರ ದೃಷ್ಟಿ ಮನೆಯವರ ಮೇಲೆ ನೆಟ್ಟಗೆ ಬೀಳಬಾರದು. ಒಮ್ಮೆ ಒಬ್ಬ ಗಂಡಸು ಹೆದರಿಕೊಂಡು ಬಂದ.

“ಯಕ್ಕಾ, ನಮ್ಮವ್ವನ ಫೋಟೋ ಯಾವ ಗ್ವಾಡಿಗೆ ಹಾಕಿದ್ರೂ ಅಡಗಿಮನೀ ಕಡೇನ ನೋಡತೈತಿ.”

“ಮತ್ತೆಲ್ಲಿ ನೋಡ್ಬೇಕೋ? ನಿನ್ನ ಹೇಂತಿ ಬೆಲ್ಲಾ ಕದ್ದ ತಿನ್ನೂದ ಬಿಟ್ಟಾಳೇನು?”

ಅವನು ನಗುತ್ತಲೇ ಹೋದ. ಆದರೆ ಹೋಗುವಾಗ ಹಿಂದಕ್ಕೆ ತಿರುಗಲಿಲ್ಲ ಎಂಬುದು ಅವನ ಚಪ್ಪಲಿಯ ಸದ್ದಿನಿಂದಲೇ ನನಗೆ ತಿಳಿಯಿತು.

ಕಟ್ಟಕಡೆಗೆ ಉಳಿಯುತ್ತಿದ್ದುದು ಕಣ್ಣಿನೊಳಗಿನ ಬೆಳಕಿನ ಚುಕ್ಕೆ. ಅದು ಬೀಳದಿದ್ದರೆ ತೆರೆದ ಕಣ್ಣೂ ಕುರುಡು. ಸತ್ತವರು ಮಣ್ಣು ಸೇರುವವರೆಗೂ ಅವಳು ಆ ಚುಕ್ಕೆ ಇಡುತ್ತಿರಲಿಲ್ಲ. ಬೆಳಗಿನ ಪದ್ಯಕ್ಕೆ ಕಾಯುತ್ತಿದ್ದಳು. ಪುರಾಣಿಕರು ಮೂರನೆಯ ಸಾಲು ಎಳೆದು ನಿಂತಾಗ ಎಡಗಣ್ಣಿಗೆ ಒಂದು ಚುಕ್ಕೆ. ಆರನೆಯ ಸಾಲಿಗೆ ಬಲಗಣ್ಣಿಗೆ ಇನ್ನೊಂದು. ಆಮೇಲೆ ಪೆನ್ಸಿಲ್ ಕೆಳಗಿಟ್ಟು ಕೈ ಮುಗಿಯುತ್ತಿದ್ದಳು.

ಡಬ್ಬಿಯಿಂದ ಒಬ್ಬೊಬ್ಬರೇ ಎದ್ದು ಹೋದರು. ಹೋದವರು ಮುಖ ಹೊತ್ತು ಬಂದು ಪಕ್ಕದ ಕಪಾಟಿನಲ್ಲಿ ಲಕೋಟೆ ಸೇರಿದರು. ನಾವು ಕರೆದರೆ ಅವರು ಓಗೊಡುತ್ತಿರಲಿಲ್ಲ. ಒಬ್ಬೊಬ್ಬರು ಮೆಲ್ಲಗೆ ಏನೋ ಅನ್ನುತ್ತಿದ್ದರು. ಆದರೆ ಅದು ನಮ್ಮ ಮಾತಾಗಿರಲಿಲ್ಲ. ಒಬ್ಬ ಮುದುಕಿ ಕೋಳಿಗಳನ್ನು ಕರೆಯುವ ದನಿ. ಒಬ್ಬ ನೇಕಾರ ನೂಲಿನ ಎಳೆ ಎಣಿಸುವ ದನಿ.

ಡಬ್ಬಿಯಲ್ಲಿ ಮೂವರು ಉಳಿದಾಗ ರಾಯ್ಕರರ ಕಾಗದ ಬಂತು. ಅಕ್ಕನಿಗೆ ಕೇಳಲೆಂದು ಸಂಗನಬಸಪ್ಪ ಗಟ್ಟಿಯಾಗಿ ಓದಿದ. ಫಿಲ್ಮು ಇನ್ನು ಬರುವಂತೆ ಕಾಣುವುದಿಲ್ಲ, ಕೇಳಿದ ಕಡೆಯೆಲ್ಲ ಹಾಗೇ ಅನ್ನುತ್ತಾರೆ ಎಂದಿತ್ತು.

ಅಂದಾನವ್ವ ಚೂರಿ ಕೆಳಗಿಟ್ಟು ಅಂದಳು: “ಅವ್ವಂದ ಒಂದ ಫೋಟೋ ಇಲ್ಲ, ನೋಡು.”

ಅವರ ತಾಯಿ ಸತ್ತಾಗ ಊರಿನಲ್ಲಿ ಫೋಟೋದವರೇ ಇರಲಿಲ್ಲ. ಬಾಗಲಕೋಟೆಯಿಂದ ಕರೆಸಿದವನು ಬರುವುದರೊಳಗೆ ಮಣ್ಣಾಗಿತ್ತು. ಅವ್ವನ ಮುಖ ಈಗ ಇಬ್ಬರಿಗೂ ಸರಿಯಾಗಿ ನೆನಪಿಗೆ ಬರುತ್ತಿರಲಿಲ್ಲ. ಒಬ್ಬರು ದುಂಡು ಮುಖ ಅಂದರೆ ಇನ್ನೊಬ್ಬರು ಕೋಲುಮುಖ ಅನ್ನುತ್ತಿದ್ದರು.

“ನಿನಗ ಹಂಗ ಆಗಾಕ ಬಿಡಾಂಗಿಲ್ಲಕ್ಕಾ,” ಅಂದ ಸಂಗನಬಸಪ್ಪ. “ಈ ಮೂರೂ ಇನ್ನ ಮುಟ್ಟಾಂಗಿಲ್ಲ.”

“ನಾ ಸತ್ತ ಮ್ಯಾಲೆ ತಗೀತಿ, ಖರೆ. ಕಣ್ಣ ಯಾರ ತೆರಸ್ತಾರೋ ತಮ್ಮಾ?”

ಅವಳ ಕೆಲಸ ಬೇರೆ ಯಾರಿಗೂ ಬರುತ್ತಿರಲಿಲ್ಲ. ಸಂಗನಬಸಪ್ಪ ಕೈಗೆ ಸಿಕ್ಕಿದ ಕೆಲಸ ಹಿಡಿದ. ಫಿಲ್ಮು ಸೆಕೆಗೆ ಕೆಡುತ್ತದೆ, ತಂಪಿನಲ್ಲಿಡಬೇಕು. ಅವರ ಪಡಸಾಲೆಯ ನೆಲದಡಿ ಒಂದು ಹಗೇವು ಇತ್ತು. ಅಜ್ಜನ ಕಾಲದಲ್ಲಿ ಜೋಳ ತುಂಬಿಡುತ್ತಿದ್ದ ಆಳದ ಕುಳಿ. ಅವನು ಬಾಯಿಯ ಚಪ್ಪಡಿ ಸರಿಸಿ, ಮೊದಲು ಕಂದೀಲು ಇಳಿಸಿ ಕೆಟ್ಟ ಗಾಳಿ ಇಲ್ಲವೆಂದು ನೋಡಿ, ಆಮೇಲೆ ತಾನು ಇಳಿದ. ತಳದಲ್ಲಿ ಒಂದು ಗಡಿಗೆ. ಗಡಿಗೆಯಲ್ಲಿ ಹಸಿ ಮರಳು. ಮರಳಿನ ನಡುವೆ ನಮ್ಮ ಡಬ್ಬಿಯನ್ನು ನಿಲ್ಲಿಸಿದ. ಮಲಗಿಸಲಿಲ್ಲ, ಕೂಡಿಸಿದ. ಮೇಲೆ ಚಪ್ಪಡಿ ಬಿತ್ತು.

ಹುಟ್ಟಿದಾಗಿನಿಂದ ಕತ್ತಲಲ್ಲೇ ಇದ್ದವರು ನಾವು. ಆದರೂ ಅದು ಬೇರೆ ಕತ್ತಲು. ಪುರಾಣಿಕರ ದನಿ ಅಲ್ಲಿಗೆ ಇಳಿದು ಬರುವಾಗ ಮಾತು ಕಳೆದುಕೊಂಡು ಬರೀ ರಾಗವಾಗಿರುತ್ತಿತ್ತು. ಅದಕ್ಕೆ ಯಾರೋ ಜೊತೆಗೂಡುತ್ತಿದ್ದರು. ಗುಂಯ್ ಎನ್ನುವ ಒಂದು ಹೆಣ್ಣುದನಿ. ಅಂದಾನವ್ವನದಲ್ಲ. ಅದಕ್ಕಿಂತ ಹಳೆಯದು.

ಒಂದು ಮಧ್ಯಾಹ್ನ ನಮ್ಮ ನೆತ್ತಿಯ ಮೇಲೆ ಹೆಜ್ಜೆಗಳು ಬಂದವು. ಅವುಗಳ ಹಿಂದೆ ಅಳು.

“ಯಣ್ಣಾ, ನಮ್ಮವ್ರು ಹೋದ್ರು. ಕೂಡ್ಸೀವಿ. ಲಗು ಬಾ.” ಅದು ಓಣಿಯ ಕೊನೆಮನೆಯ ನೇಕಾರಗಿತ್ತಿ ಮಾಂತವ್ವ.

ಸಂಗನಬಸಪ್ಪ ಸರಿಯಾಗಿ ಚಪ್ಪಡಿಯ ಮೇಲೆ ನಿಂತಿದ್ದ. “ಹಾಳಿ ಮುಗದಾವು, ಮಾಂತವ್ವ.”

“ಒಂದೂ ಇಲ್ಲೇನು? ನನ್ನ ಮಗಳ ಇನ್ನ ತೊಟ್ಟಿಲದಾಗ ಐತಿ. ಅಪ್ಪನ ಮಾರಿ ಹೆಂಗಿತ್ತಂತ ನಾಳೆ ಏನ ತೋರಿಸ್ಲಿ ನಾ?”

“ಒಂದೂ ಇಲ್ಲವ್ವ. ಕಂಪನೀನ ನಿಲ್ಸ್ಯಾರ. ಕಲರ್ ರೀಲ್ ತರಿಸೋದ್ರಾಗ ಸಂಜೀ ಆಗತೈತಿ.”

“ಸಂಜೀಮಟ ಇಡಾಂಗಿಲ್ಲ ಅಂತಾರ ಹಿರ್ಯಾರು.”

ಮಾಂತವ್ವನ ಹೆಜ್ಜೆಗಳು ಬಾಗಿಲತ್ತ ಸರಿದವು. ಸಂಗನಬಸಪ್ಪನ ಕಾಲು ಚಪ್ಪಡಿಯಿಂದ ಕದಲಲಿಲ್ಲ. ಅವನ ಸುಳ್ಳು ಕಲ್ಲು ದಾಟಿ, ಕುಳಿ ಇಳಿದು, ಮರಳಿನವರೆಗೂ ಬಂತು. ನಾವು ಮೂವರೂ ಕೇಳಿದೆವು. ಒಳಗಿದ್ದ ಆ ಇನ್ನೊಬ್ಬಳೂ ಕೇಳಿಸಿಕೊಂಡಳು. ಗುಂಯ್ ಎನ್ನುವ ದನಿ ಅಲ್ಲಿಗೆ ನಿಂತಿತು. ಆ ಹಗೇವಿನಲ್ಲಿ ಮತ್ತೆಂದೂ ಬರಲಿಲ್ಲ.

ಅಂದಾನವ್ವ ಆಗ ಮಠದಲ್ಲಿದ್ದಳು. ಮರಳಿ ಬರುವಾಗ ಓಣಿಯಲ್ಲೇ ಸುದ್ದಿ ತಿಳಿದಿತ್ತು. ಕೂಗಾಡಲಿಲ್ಲ. “ಚಪ್ಪಡಿ ತಗಿ,” ಅಂದಳು.

“ಅಕ್ಕಾ, ಅಲ್ಲೆ ಮಣ್ಣಾತು. ಇನ್ನೇನ ಉಪಯೋಗಿಲ್ಲ.”

“ತಗಿ ಅಂದ್ನಿ.”

ತೆಗೆದ. ಕಿಟಕಿ ಮುಚ್ಚಿದ ಕತ್ತಲಕೋಣೆಯಲ್ಲಿ ಡಬ್ಬಿ ಬಿಚ್ಚಿದ. ಹಸಿ ಮರಳು ತನ್ನ ಕೆಲಸ ಮಾಡಿತ್ತು. ನನ್ನ ಇಬ್ಬರು ಒಡಹುಟ್ಟಿದವರು ತೇವಕ್ಕೆ ಒಬ್ಬರಿಗೊಬ್ಬರು ಅಂಟಿಕೊಂಡಿದ್ದರು. ಬಿಡಿಸಹೋದರೆ ಚರ್ಮ ಸುಲಿದ ಹಾಗೆ ಲೇಪ ಕಿತ್ತು ಬಂತು. ಕಾಗದದ ಮಡಿಕೆಯೊಳಗೆ ಸಿಕ್ಕಿದ್ದ ನಾನೊಬ್ಬ ಉಳಿದಿದ್ದೆ. ಅವನ ಹೆಬ್ಬೆರಳು ನನ್ನ ಕಚ್ಚುಗಳನ್ನು ಮುಟ್ಟಿ ಮುಟ್ಟಿ ನೋಡಿತು.

“ಒಂದ ಐತಿ,” ಅಂದ. “ಎಲ್ಲಾ ಹಾಳ ಮಾಡಿಬಿಟ್ನಿ ಅಕ್ಕಾ. ಆ ಕೂಸಿಗೆ ಅಪ್ಪನ ಮಾರಿ ಇಲ್ಲದಂಗ ಆತು. ನಿನಗರ ಇದೊಂದ ಉಳೀತು.”

“ಉಳಿದಿದ್ದಕ್ಕ ನಾ ಹೇಳಿದಂಗ ಮಾಡ. ನಾಳೆ ನನ್ನ ಕೂಡ್ಸಿ ತಗಿ.”

“ಏನ ಮಾತಾಡ್ತಿ? ಜೀವಂತ ಇದ್ದವ್ರನ್ನ ಈ ಹಾಳ್ಯಾಗ ತಗದೀನೇನು ನಾ? ಊರ ಮಂದಿ ಇದಕ್ಕ ಸತ್ತವ್ರ ಹಾಳಿ ಅಂತಾರ.”

“ನನ್ನ ಕಣ್ಣ ನಾನ ತೆರಸ್ಕೋಬೇಕು. ಕಣ್ಣಿಗೆ ಪೊರಿ ಬರಾಕತ್ತೈತಿ. ಬರೂ ಶ್ರಾವಣಕ್ಕ ಗಾಜ ಎಲ್ಲೈತಿ, ಚೂರಿ ಎಲ್ಲೈತಿ ತಿಳ್ಯಾಂಗಿಲ್ಲ. ಆಮ್ಯಾಲೆ ನೀನೂ ಒಂದ ಕುರುಡ ಫೋಟೋ ಹಾಕ್ಕೊಂಡ ಕುಂದ್ರು, ಬೇಕಾರ.”

ಮರುದಿನ ಬೆಳಿಗ್ಗೆ ನನ್ನ ಸರದಿ ಬಂತು. ಅಂಗಳದಲ್ಲಿ ಕುರ್ಚಿ ಹಾಕಿದ್ದರು. ಕ್ಯಾಮೆರಾದ ಬೆನ್ನಿಗೆ ನನ್ನನ್ನು ಸಿಕ್ಕಿಸಿ, ಬೆಳಕು ತಡೆಯುವ ಎದುರಿನ ತಗಡು ಎಳೆದರು. ಮಸೂರದ ಮುಚ್ಚಳ ತೆಗೆಯುವ ಮುಂಚೆ ಸಂಗನಬಸಪ್ಪ ಬಾಯಿ ತೆರೆದ, ಮತ್ತೆ ಮುಚ್ಚಿದ. ಸತ್ತವರಿಗೆಲ್ಲ ಹೇಳುತ್ತಿದ್ದ ಮಾತನ್ನು ಅಕ್ಕನಿಗೆ ಹೇಳಲು ಅವನಿಂದ ಆಗಲಿಲ್ಲ.

“ನಾ ಅಲಗಾಡಾಂಗಿಲ್ಲ. ತಗಿ,” ಅಂದಳು ಅವಳೇ.

ಬೆಳಕು ಬಂತು.

ನಾನು ಕಂಡ ಲೋಕ ತಲೆಕೆಳಗಾಗಿತ್ತು. ಕ್ಯಾಮೆರಾದೊಳಗೆ ಎಲ್ಲವೂ ಹಾಗೇ ಬೀಳುತ್ತದಂತೆ. ನನಗೆ ಆಗ ಗೊತ್ತಿರಲಿಲ್ಲ. ಆಕಾಶ ಕೆಳಗಿತ್ತು. ಅದರ ಮೇಲೆ ಒಬ್ಬ ಮುದುಕಿ ತೂಗುತ್ತಿದ್ದಳು. ಬಿಳಿಯ ಸೀರೆ, ಹಣೆಯಲ್ಲಿ ಮೂರು ಗೆರೆ ವಿಭೂತಿ, ತೊಡೆಯ ಮೇಲೆ ಎರಡು ಅಂಗೈ. ಸತ್ತವರ ಹಾಗೆ ಕಣ್ಣು ಮುಚ್ಚಿದ್ದಳು. ಎದೆ ಏರಿಳಿಯಲಿಲ್ಲ. ಇಷ್ಟು ದಿನ ದನಿಯಾಗಿದ್ದವಳಿಗೆ ಮುಖ ಇದೆ ಎಂದು ನನಗೆ ತಿಳಿದದ್ದು ಆಗ. ಒಂದು, ಎರಡು ಎಂದು ಯಾರೋ ಎಣಿಸಿದರು. ಮುಚ್ಚಳ ಬಿತ್ತು. ನನ್ನ ನೋಡುವಿಕೆ ಮುಗಿಯಿತು.

ತೊಳೆದು ಒಣಗಿಸಿ ಓರೆ ಮೇಜಿನ ಮೇಲಿಟ್ಟಾಗ ಕೆಳಗಿನಿಂದ ಬಿಸಿಲು ನನ್ನೊಳಗೆ ಹಾದು ಹೋಯಿತು. ಅಂದಾನವ್ವ ತನ್ನ ಮೇಲೆ ತಾನೇ ಬಾಗಿದಳು. ಅವಳ ಉಸಿರು ಬಿಸಿ, ಕೈ ಬಿಸಿ. ಚೂರಿ ನನ್ನ ಮೈ ಕೆರೆಯುವಾಗ ನೋವಾಗಲಿಲ್ಲ. ಯಾರೋ ಬಾಗಿಲಿನ ಅಗಳಿಯನ್ನು ಹೊರಗಿನಿಂದ ಮೆಲ್ಲಗೆ ಸರಿಸಿದ ಹಾಗಿತ್ತು.

ಸಂಗನಬಸಪ್ಪ ಅವಳ ಮಾತನ್ನೇ ಅವಳಿಗೆ ಕೇಳಿದ. “ಏನ ನೋಡ್ತಿದ್ದಿ ಅಕ್ಕಾ ನೀ?”

“ಜಲ್ಮೆಲ್ಲಾ ಸತ್ತವ್ರ ಕಣ್ಣ ನೋಡೀನಿ,” ಅಂದಳು. ಚೂರಿ ತುಸು ನಿಂತಿತು. “ಈಗ ನಿನ್ನ ನೋಡ್ತೀನಿ. ನೆಟ್ಟಗ.”

“ಹಂಗ ಮಾಡಬಾರದಂತ ನೀನ ಅಂತಿದ್ದಿ.”

“ಮಾಡಬಾರದು. ಆದ್ರ ನೀ ಕಲ್ಲಿನ ಮ್ಯಾಲೆ ನಿಂತ ಸುಳ್ಳ ಹೇಳಾಂವ. ನಿನ್ನ ಮ್ಯಾಲೆ ಒಂದ ಕಣ್ಣ ಇರ್ಲಿ.”

ನಾಲ್ಕು ದಿನ ಹಿಡಿಯಿತು. ಕಣ್ಣು ತೆರೆದವು. ಚುಕ್ಕೆ ಮಾತ್ರ ಇಡಲಿಲ್ಲ. “ಮಣ್ಣ ಸೇರೂತನಕ ಇಡಬಾರದು,” ಅಂದಳು. “ನಾ ಹ್ವಾದ ಮ್ಯಾಲೆ ನೀ ಇಡು. ಎರಡ ಸಲ ಮೆಲ್ಲಕ ಊರಿದ್ರ ಆತು.”

“ನಾ ಎಂದೂ ಪೆನ್ಸಿಲ್ ಹಿಡದಿಲ್ಲಲ್ಲ.”

“ಪದ್ಯ ಕೇಳು. ಎಲ್ಲಿ ಇಡಬೇಕಂತ ಅದ ಹೇಳತೈತಿ.”

ಅವಳು ತಿಂಗಳೊಪ್ಪತ್ತಿನಲ್ಲಿ, ಕೂತಲ್ಲೇ ಹೋದಳು. ಕೂಡಿಸುವ ಕೆಲಸವನ್ನೂ ಯಾರಿಗೂ ಉಳಿಸಲಿಲ್ಲ. ಅವಳ ಪೆನ್ಸಿಲ್ಲನ್ನು ಸಂಗನಬಸಪ್ಪ ಅವಳ ಉಡಿಯಲ್ಲೇ ಇಟ್ಟು ಮಣ್ಣು ಕೊಟ್ಟನಂತೆ. ಬಂದವರು ಹಾಗೆ ಮಾತಾಡಿಕೊಂಡರು.

ಮರುದಿನ ಬೆಳಿಗ್ಗೆ ನಾನು ಲಕೋಟೆಯಲ್ಲಿ, ಅವಳ ಮೇಜಿನ ಡ್ರಾಯರಿನೊಳಗೆ ಇದ್ದೆ. ಮನೆಯಲ್ಲಿ ಯಾರೂ ಇರಲಿಲ್ಲ. ಸಂಗನಬಸಪ್ಪ ಹೊಸ ಪೆನ್ಸಿಲ್ ತರಲು ಪೇಟೆಗೆ ಹೋಗಿದ್ದ. ಗೋಡೆಯ ಆಚೆ ಪೂಜೆ ಮುಗಿದು ಪದ್ಯ ಎದ್ದಿತು. ಒಂದನೆಯ ಸಾಲು. ಎರಡನೆಯದು. ಮೂರನೆಯ ಸಾಲನ್ನು ಎಳೆದು ಪುರಾಣಿಕರು ನಿಂತರು. ಆಗ ಲಕೋಟೆಯೊಳಗೆ, ನನ್ನ ಎಡಗಣ್ಣಿನ ಮೇಲೆ, ಪೆನ್ಸಿಲ್ಲಿನ ಮೊನೆ ಊರಿತು.

ಆ ಮೊನೆ ನನಗೆ ಗೊತ್ತು. ಅದರ ಒತ್ತು, ಊರಿ ತುಸು ತಿರುಗಿಸುವ ರೀತಿ, ಎಲ್ಲವೂ ಅದೇ. ಕೈಯ ಬಿಸಿ ಮಾತ್ರ ಇರಲಿಲ್ಲ. ನಾಲ್ಕು, ಐದು. ಆರನೆಯ ಸಾಲಿನ ಕೊನೆಗೆ ಬಲಗಣ್ಣು.

ಹೊಸ ಪೆನ್ಸಿಲ್ ಹಿಡಿದು ಬಂದವನು ನನ್ನನ್ನು ಗಾಜಿನ ಮೇಲಿಟ್ಟು ಬಾಗಿದ. ಎರಡೂ ಕಣ್ಣಲ್ಲಿ ಚುಕ್ಕೆ ಇದ್ದವು. ಪೆನ್ಸಿಲ್ ಉರುಳಿ ನೆಲಕ್ಕೆ ಬಿತ್ತು. ಆಮೇಲೆ, ಮಗು ತಾಯಿಯ ಹತ್ತಿರ ಒಪ್ಪಿಕೊಳ್ಳುವ ಹಾಗೆ, “ಹೂಂ ಅಕ್ಕಾ,” ಅಂದ.

ನನ್ನಿಂದ ಒಂದು ದೊಡ್ಡ ಫೋಟೋ ಮಾಡಿ ಪಡಸಾಲೆಯಲ್ಲಿ, ಚಪ್ಪಡಿಯ ಎದುರಿನ ಗೋಡೆಗೆ ಹಾಕಿದ. ಒಂದೆರಡು ತಿಂಗಳಿಗೆ ಹುಬ್ಬಳ್ಳಿಯಿಂದ ಒಂದು ಪೆಟ್ಟಿಗೆ ಬಂತು. ಫಿಲ್ಮು ನಿಂತೇ ಇರಲಿಲ್ಲವಂತೆ. ಯಾರೋ ಎಬ್ಬಿಸಿದ ಸುದ್ದಿಯಂತೆ. ರಾಯ್ಕರರು ತಾವಾಗಿಯೇ ನಾಲ್ಕು ಡಬ್ಬಿ ಕಳಿಸಿದ್ದರು. ಮೇಲೆ ಒಂದು ಚೀಟಿ: ತಪ್ಪಾಯಿತು, ಹೆದರಿಸಿಬಿಟ್ಟೆ.

ಮಾಂತವ್ವ ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಬಾಗಿಲಿಗೆ ಬಂದಳು. “ಹಾಳಿ ಬಂದ್ವಂತಲ್ಲ ಯಣ್ಣಾ?”

ಸಂಗನಬಸಪ್ಪ ಗೋಡೆಯತ್ತ ತಲೆಯೆತ್ತಿದ. ನಾನು ಕಪಾಟಿನಲ್ಲಿದ್ದೆ, ಆದರೂ ಅವನ ಮೇಲೆ ಬಿದ್ದ ನೋಟ ನನ್ನೊಳಗಿನಿಂದಲೇ ಹೊರಟದ್ದು.

“ಆವತ್ತೂ ಇದ್ವು, ಮಾಂತವ್ವ. ಮೂರ ಇದ್ವು. ಸುಳ್ಳ ಹೇಳಿದ್ನಿ.”

“ಗೊತ್ತೈತಿ,” ಅಂದಳು ಮಾಂತವ್ವ. “ಆವತ್ತ ನೀ ಆ ಕಲ್ಲ ಬಿಟ್ಟ ಸರೀಲಿಲ್ಲ. ಈಗ ನಾಕ ಡಬ್ಬಿ ಬಂದ್ರೂ ಅಷ್ಟ. ನಮ್ಮವ್ರು ಇನ್ನೊಂದ ಸಲ ಸಾಯಾಂಗಿಲ್ಲ.”

ಕೂಸು ಮಾತ್ರ ಗೋಡೆಯ ಫೋಟೋ ನೋಡಿ ನಕ್ಕಿತು. ಯಾರೋ ಅದನ್ನು ಆಡಿಸಿದ ಹಾಗೆ.

ಆ ನಾಲ್ಕು ಡಬ್ಬಿಯ ನೂರು ಹಾಳೆಗಳಲ್ಲಿ ಒಂದನ್ನೂ ಅವನು ಬಿಚ್ಚಲಿಲ್ಲ. ಪೆನ್ಸಿಲ್ ಹಿಡಿಯುವ ಫಿಲ್ಮು ಇತ್ತು, ಪೆನ್ಸಿಲ್ ಹಿಡಿಯುವವರು ಇರಲಿಲ್ಲ. ಅವನು ಕಲರ್ ರೀಲಿನಲ್ಲಿ ಮದುವೆ, ಬಸುರಿಯರ ಕುಬಸ ತೆಗೆಯುತ್ತ ಇದ್ದುಬಿಟ್ಟ. ಫಿಲ್ಮು ನಿಜವಾಗಿ ನಿಂತ ಸುದ್ದಿ ಎಷ್ಟೋ ವರ್ಷದ ಮೇಲೆ ಬಂದಾಗ ಅದನ್ನು ಕೇಳಿ ಕಲರ್ ರೀಲು ತುಂಬಿಕೊಂಡು ಇನ್ನೊಂದು ಮದುವೆಗೆ ಹೊರಟ. ಕಡೆಗೆ ಅವನೂ ಹೋದ.

ಈಗ ನಮ್ಮ ಲಕೋಟೆಗಳೆಲ್ಲ ಮಠದ ಒಂದು ಕಪಾಟಿನಲ್ಲಿವೆ. ಗೋಡೆಯ ಆಚೆ ಇದ್ದವನು ಈಚೆಗೆ ಬಂದಿದ್ದೇನೆ. ವಯಸ್ಸಾಗಿದೆ. ಮೈಯಿಂದ ಹುಳಿ ವಾಸನೆ ಬರುತ್ತದೆ, ಅಂಚು ಮುರುಟಿದೆ. ನಾನು ಕಂಡ ಆ ಒಂದೇ ಮುಖ ಹಳದಿಯಾಗಿ ಕರಗುತ್ತಿದೆ. ಸೀರೆ ಹೋಯಿತು, ವಿಭೂತಿಯ ಗೆರೆ ಹೋಯಿತು. ಪುರಾಣಿಕರೂ ಇಲ್ಲ; ಬೆಳಗಿನ ಪದ್ಯ ನಿಂತು ಬಹಳ ಕಾಲವಾಯಿತು.

ಆದರೂ ಕೆಲವು ಬೆಳಿಗ್ಗೆ ಪದ್ಯ ಏಳುತ್ತದೆ. ಕಪಾಟಿನಲ್ಲಿರುವ ಎಲ್ಲರೂ ಆಗ ತಮ್ಮ ಗುಣುಗುಣು ನಿಲ್ಲಿಸುತ್ತಾರೆ. ಕೋಳಿ ಕರೆಯುವ ಮುದುಕಿಯೂ ಸುಮ್ಮನಾಗುತ್ತಾಳೆ. ಹಗೇವಿನಲ್ಲಿ ಕೇಳಿದ್ದ ಆ ಹಳೆಯ ಹೆಣ್ಣುದನಿ ಹಾಡುತ್ತದೆ, ಅದಕ್ಕೆ ಅಂದಾನವ್ವನ ದನಿ ಜೊತೆಗೂಡುತ್ತದೆ. ಫೋಟೋ ಇಲ್ಲದೆ ಹೋದ ಆ ತಾಯಿ, ಈ ಮಗಳು, ಒಬ್ಬರಿಗೊಬ್ಬರು ಸಾಲು ಬಿಟ್ಟುಕೊಡುತ್ತಾರೆ. ನಾನು ಹೆದರುವುದಿಲ್ಲ. ಕೇಳುತ್ತ ಕಾಯುತ್ತೇನೆ.

ಇವತ್ತೂ ಪೆನ್ಸಿಲ್ಲಿನ ಆ ಮೊನೆ ಬಂದಿತ್ತು. ಮೂರನೆಯ ಸಾಲಿಗೆ ಎಡಗಣ್ಣು. ಆರನೆಯ ಸಾಲಿಗೆ ಬಲಗಣ್ಣು.